ಹಳೇ ಎಸ್ಟೇಟ್ ಕಾರು ಕೊಳ್ಳುವ ಮುಂಚೆ ಸ್ಟೆಪ್ನಿ ತೆಗೆಸಿ ನೋಡಿ
ಪುಣೆಯಲ್ಲಿ ಹಳೇ ಎಸ್ಟೇಟ್ ಕಾರು, ಅಂದರೆ ಚಾವಣಿ ಡಿಕ್ಕಿಯ ಮೇಲೂ ಚಾಚಿರುವ ಉದ್ದನೆಯ ಕಾರು, ಹುಡುಕುತ್ತಿರುವವರು ಮೊದಲು ಸ್ಟೆಪ್ನಿ ಹೊರಗೆ ತೆಗೆಸಿ, ಅದರ ಗುಂಡಿಯಲ್ಲಿ ಕೈಯಾಡಿಸಿ. ನನ್ನ ಗಾಡಿಯಲ್ಲಿ ಅಲ್ಲಿ ಇದ್ದದ್ದು ಒಣಗಿದ ಹೂಳು, ನೆರೆನೀರು ಹೊಕ್ಕಿದ್ದ ಗುರುತು. ಅದೂ ದುಡ್ಡು ಕೊಟ್ಟು, ಆರ್‌ಸಿ ನನ್ನ ಹೆಸರಿಗೆ ಆದ ಮೇಲೆ ಮೆಕ್ಯಾನಿಕ್ ತೋರಿಸಿದ್ದು.

ಹುಬ್ಬಳ್ಳಿಗೆ ಹೋಗಿ ಬರುವಾಗ ಜೋಳದ ಚೀಲ, ಅಪ್ಪನ ವ್ಹೀಲ್‌ಚೇರ್ ಎರಡೂ ಹಿಡಿಸಬೇಕಿತ್ತು. ಇಂಡಿಗೊ ಮರೀನಾ, ಬಲೆನೊ ಆಲ್ಟುರಾ, ಆಕ್ಟೇವಿಯಾ ಕಾಂಬಿ ಹೀಗೆ ನಮ್ಮ ದೇಶದಲ್ಲಿ ಬಂದ ಎಸ್ಟೇಟ್‌ಗಳೇ ಕಡಿಮೆ. ಸಿಕ್ಕಿದ್ದೇ ಪುಣ್ಯ ಅನ್ನಿಸುತ್ತದೆ ಅಲ್ವಾ, ಡೀಲರ್‌ಗಳಿಗೆ ಅದು ಚೆನ್ನಾಗಿ ಗೊತ್ತು. ನನ್ನದು ಯಾವ ಕಾರು ಅಂತ ಹೇಳಲ್ಲ. ತಪ್ಪು ಕಾರು ಮಾಡಿದವರದಲ್ಲ.

"ಡಾಕ್ಟರ್ ಗಾಡಿ ಸರ್, ಸಿಂಗಲ್ ಓನರ್" ಅಂದಿದ್ದ ಆ ಡೀಲರ್. ಅದು ನಿಜವೇ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ ಹಳ್ಳ ಉಕ್ಕಿದಾಗ ಗಾಡಿ ಸಹಕಾರನಗರದ ಕಡೆ ನಿಂತಿತ್ತು ಅನ್ನುವುದನ್ನು ಮಾತ್ರ ನುಂಗಿಕೊಂಡ. ಆಮೇಲೆ ಫೋನ್ ಮಾಡಿದಾಗ ಹಳೇ ಓನರ್ರೇ ಹೇಳಿದರು. ಪಾಪ, ಅವರು ಡೀಲರ್‌ಗೂ ಹೇಳಿಯೇ ಕೊಟ್ಟಿದ್ದರಂತೆ.

ಮಳೆಗಾಲದಲ್ಲಿ ಶುರುವಾಯಿತು ನೋಡಿ. ಪವರ್ ವಿಂಡೋ ಅರ್ಧಕ್ಕೇ ನಿಂತಿತು. ಖಂಬಾಟ್ಕಿ ಘಾಟ್ ಹತ್ತುವಾಗ ಹೆಡ್‌ಲೈಟ್ ಆರಿಹೋಯಿತು. ವೈರಿಂಗ್ ಕನೆಕ್ಟರ್‌ಗಳ ತುಂಬ ಹಸಿರು ಕಿಲುಬು. ಒಂದು ಸರಿಮಾಡಿಸಿದರೆ ಇನ್ನೊಂದು ಕೈಕೊಡುತ್ತದೆ. ಎಸ್ಟೇಟ್‌ನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಅಡ್ಡ ಗೋಡೆ ಇಲ್ಲ. ಹಿಂದಿನ ಕಾರ್ಪೆಟ್ ಅಡಿಯ ಮುಗ್ಗಲು ವಾಸನೆ ಸೀದಾ ಮೂಗಿಗೇ. ಅದಕ್ಕೇ ಡೀಲರ್ ಅಷ್ಟೊಂದು ಸೆಂಟ್ ಹೊಡೆದಿದ್ದ!

ಸೀಟ್ ಬೆಲ್ಟನ್ನು ಕೊನೆತನಕ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್‌ಗಳಿಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಹಿಂಬಾಗಿಲಿಗೆ ಹೋಗುವ ವೈರುಗಳ ರಬ್ಬರ್ ಕವಚ ಸರಿಸಿ ನೋಡಿ, ನೀರು ಕುಡಿಯದ ಗಾಡಿಯಲ್ಲೂ ಅಲ್ಲಿ ವೈರ್ ತುಂಡಾಗಿರುವುದುಂಟು. ಹಳೇ ಡೀಸೆಲ್ ಆದರೆ ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಪಟ್ಟಿ) ಬದಲಿಸಿದ ಬಿಲ್ ಕೇಳಿ. ಅದು ಓಡುವಾಗ ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ, ರಿಪೇರಿಯ ಬಿಲ್ಲೇ ಗಾಡಿಯ ಬೆಲೆ ದಾಟಬಹುದು. ಮೆಕ್ಯಾನಿಕ್ ನಿಮ್ಮ ಕಡೆಯವನೇ ಇರಲಿ, ಡೀಲರ್ ತೋರಿಸಿದವನು ಬೇಡ.

ಕಾಗದಪತ್ರದ ವಿಷಯ. 15 ವರ್ಷ ತುಂಬಿದ ಕಾರಿನ ಆರ್‌ಸಿ ಮತ್ತೆ ಮಾಡಿಸಲು 2022ರ ಏಪ್ರಿಲ್‌ನಲ್ಲೇ ಫೀಸು 5,000 ರೂಪಾಯಿಗೆ ಏರಿತ್ತು. ಮೇಲೆ ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ. ಗಾಡಿ ಆರ್‌ಟಿಒದಲ್ಲಿ ಪಾಸೂ ಆಗಬೇಕು. ಊರಿಗೆ ಒಯ್ದು ಅಲ್ಲೇ ಇಟ್ಟುಕೊಳ್ಳುವವರು 12 ತಿಂಗಳು ಮೀರಿದರೆ ಕೆಎ ನಂಬರ್ ಮಾಡಿಸಬೇಕು. ಅದಕ್ಕೆ ಇಲ್ಲಿನ ಎನ್‌ಒಸಿ ಬೇಕು, ಅಲ್ಲಿನ ರಸ್ತೆ ತೆರಿಗೆಯೂ ಬೇರೆ. ಡೀಲರ್ ಹೇಳುವ ರೇಟಿನಲ್ಲಿ ಇದ್ಯಾವುದೂ ಸೇರಿರುವುದಿಲ್ಲ.