2 ಟಿಬಿ ಅಂತ ಬರೆದಿದ್ದ ಪೆನ್ ಡ್ರೈವ್ ನಂಬಿ ಅಪ್ಪನ ಫೋಟೋಗಳನ್ನು ಕಳೆದುಕೊಂಡೆ

ನಮ್ಮ ಮನೆಯ ಫೋಟೋಗಳೆಲ್ಲ ನನ್ನ ಲ್ಯಾಪ್‌ಟಾಪ್ ಒಂದರಲ್ಲೇ ಇದ್ದವು. 2011ರಿಂದ ವರ್ಷಕ್ಕೊಂದು ಫೋಲ್ಡರ್. ಅಕ್ಕನ ಮದುವೆ, ಅವಳ ಮಗಳ ನಾಮಕರಣ, ಅಪ್ಪನ ಷಷ್ಟ್ಯಬ್ದಿ, ಅಂಗಳದಲ್ಲಿ ಅಡಿಕೆ ಹರಡುತ್ತಾ ಅಪ್ಪ ಯಾರನ್ನೋ ಕೂಗಿ ಕರೆಯುವ ಒಂದು ವಿಡಿಯೋ. ಅಪ್ಪ 2022ರಲ್ಲಿ ತೀರಿಕೊಂಡರು.

ಕಳೆದ ವರ್ಷ ಲ್ಯಾಪ್‌ಟಾಪ್ ತುಂಬಿಹೋಗಿ ಕೆಂಪು ಪಟ್ಟಿ ತೋರಿಸತೊಡಗಿತು. "ಮೆಮೊರಿ ಫುಲ್ ಆಗಿದೆ, ರ‍್ಯಾಮ್ ಜಾಸ್ತಿ ಹಾಕಿಸು" ಅಂತ ಪಕ್ಕದ ಮನೆಯವರು ಹೇಳಿದರು. ಈ ಗೊಂದಲ ತುಂಬಾ ಜನರಿಗಿದೆ. ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಜಾಗ, ಆಫ್ ಮಾಡಿದರೆ ಖಾಲಿಯಾಗುತ್ತದೆ. ಫೋಟೋ ಉಳಿಯುವುದು ಹಾರ್ಡ್ ಡಿಸ್ಕ್‌ನಲ್ಲಿ, ಅಥವಾ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದರ ಬದಲು ಇರುವ ಎಸ್‌ಎಸ್‌ಡಿಯಲ್ಲಿ. ಅದು ತುಂಬಿದಾಗ ರ‍್ಯಾಮ್ ಹಾಕಿಸಿ ಏನೂ ಪ್ರಯೋಜನವಿಲ್ಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಇತ್ತು.

ಆನ್‌ಲೈನಿನಲ್ಲಿ 2 ಟಿಬಿ, ಅಂದರೆ ಸುಮಾರು 2000 ಜಿಬಿ, ಜಾಗದ ಪೆನ್ ಡ್ರೈವ್ 599 ರೂಪಾಯಿಗೆ ಕಾಣಿಸಿತು. ತರಿಸಿದೆ. ಲೋಹದ ಕವಚ, ಕಂಪ್ಯೂಟರಿಗೆ ಸಿಕ್ಕಿಸುವ ತುದಿಯ ಒಳಗೆ ನೀಲಿ ಪ್ಲಾಸ್ಟಿಕ್ ನಾಲಿಗೆ, ನೋಡಲು ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪಿಗೆ ಹಾಕಿದರೆ ಜಾಗವನ್ನೂ ಹೆಚ್ಚುಕಮ್ಮಿ 2 ಟಿಬಿ ಎಂದೇ ತೋರಿಸಿತು. ಮತ್ತೇನು ಅನುಮಾನ ಪಡಬೇಕು ಅನ್ನಿಸಲಿಲ್ಲ. 118 ಜಿಬಿ ಫೋಟೋಗಳನ್ನು ಕಟ್ ಮಾಡಿ, ಪೆನ್ ಡ್ರೈವಿನಲ್ಲಿ ಪೇಸ್ಟ್ ಕೊಟ್ಟು ಮಲಗಿದೆ. ಬೆಳಗ್ಗೆ ಕೆಲಸ ಮುಗಿದಿತ್ತು. 2011ರ ಫೋಲ್ಡರ್ ತೆರೆದು ನಾಲ್ಕು ಫೋಟೋ ನೋಡಿದೆ, ಚೆನ್ನಾಗಿದ್ದವು. ಪೆನ್ ಡ್ರೈವನ್ನು ಬೀರುವಿನಲ್ಲಿಟ್ಟೆ.

ಎರಡು ತಿಂಗಳ ನಂತರ ಅಪ್ಪನ ವರ್ಷಾಬ್ದಿಕ ಬಂತು. ಗೋಡೆಗೆ ಹಾಕಲು ದೊಡ್ಡ ಫೋಟೋ ಮಾಡಿಸೋಣ ಅಂತ 2019ರ ಫೋಲ್ಡರ್ ತೆರೆದೆ. ಹೆಸರುಗಳೆಲ್ಲ ಇವೆ. ಒಂದೊಂದು ಫೈಲ್ ಎಷ್ಟು ಎಂಬಿ ಅನ್ನುವುದೂ ಇದೆ. ಒಂದೂ ತೆರೆಯುತ್ತಿಲ್ಲ. 2020, 2021, 2022 ಎಲ್ಲವೂ ಹಾಗೇ. ಅಮ್ಮ ಪಕ್ಕದಲ್ಲೇ ಕೂತಿದ್ದರು. ಏನು ಹೇಳಬೇಕೋ ತಿಳಿಯಲಿಲ್ಲ.

ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಹುಡುಗ ಒಂದು ಪ್ರೋಗ್ರಾಂ ಹಾಕಿ ನೋಡಿ, "ಅಕ್ಕಾ, ಇದು 2 ಟಿಬಿ ಅಲ್ಲ. ಒಳಗಿರೋದು 32 ಜಿಬಿ ಚಿಪ್ ಅಷ್ಟೇ" ಎಂದ.

ಅವನು ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಪೆನ್ ಡ್ರೈವಿನಲ್ಲಿ ಮುಖ್ಯವಾಗಿ ಎರಡು ಭಾಗ. ಮಾಹಿತಿ ಉಳಿಯುವ ಚಿಪ್ ಒಂದು. ಆ ಚಿಪ್ಪಿಗೂ ಕಂಪ್ಯೂಟರಿಗೂ ನಡುವೆ ನಿಂತು ಲೆಕ್ಕ ನೋಡಿಕೊಳ್ಳುವ ಕಂಟ್ರೋಲರ್ ಇನ್ನೊಂದು. ಕಂಟ್ರೋಲರ್ ಒಳಗೆ ಫರ್ಮ್‌ವೇರ್ ಎನ್ನುವ ಪುಟ್ಟ ಸಾಫ್ಟ್‌ವೇರ್ ಇರುತ್ತದೆ. "ನಿನ್ನಲ್ಲಿ ಎಷ್ಟು ಜಾಗ ಇದೆ?" ಅಂತ ಕಂಪ್ಯೂಟರ್ ಕೇಳಿದರೆ ಉತ್ತರ ಕೊಡುವುದು ಅದೇ. ಮೋಸಗಾರರು ಆ ಫರ್ಮ್‌ವೇರನ್ನೇ ತಿದ್ದಿ ಸುಳ್ಳು ಹೇಳಿಸುತ್ತಾರೆ. ವಿಂಡೋಸ್ ಅದು ಹೇಳಿದ್ದನ್ನೇ ನಂಬಿ ನಮಗೆ ತೋರಿಸುತ್ತದೆ. 32 ಜಿಬಿ ತುಂಬಿದ ಮೇಲೂ ಪೆನ್ ಡ್ರೈವ್ "ಆಯ್ತು, ಬರೆದೆ" ಅನ್ನುತ್ತಲೇ ಇರುತ್ತದೆ. ಕೆಲವು ಡ್ರೈವ್‌ಗಳು ಹೊಸದನ್ನು ಬರೆಯದೆ ಸುಮ್ನೆ ಬಿಟ್ಟುಬಿಡುತ್ತವೆ. ಇನ್ನು ಕೆಲವು ಮೊದಲಿನಿಂದ ಶುರುಮಾಡಿ ಹಳೆಯದರ ಮೇಲೇ ಬರೆಯುತ್ತವೆ. ಯಾವ ಫೈಲ್ ಎಲ್ಲಿದೆ ಎನ್ನುವ ಪಟ್ಟಿ ಸಾಮಾನ್ಯವಾಗಿ ಡ್ರೈವಿನ ಮೊದಲ ಭಾಗದಲ್ಲಿ ಇರುತ್ತದೆ. ಆ ಭಾಗ ನಿಜವಾಗಿಯೂ ಇದೆ. ಅದಕ್ಕೇ ಹೆಸರುಗಳೆಲ್ಲ ಕಾಣುತ್ತಿದ್ದವು, ಒಳಗೆ ಫೋಟೋ ಇರಲಿಲ್ಲ.

"ಲ್ಯಾಪ್‌ಟಾಪಿನಿಂದ ವಾಪಸ್ ತೆಗೆಯೋಕೆ ಆಗಲ್ವಾ?" ಅಂತ ಕೇಳಿದೆ. ಇಲ್ಲಿ ಕಟ್ ಮಾಡಿದ ನನ್ನ ತಪ್ಪು ಬಂತು. ಒಂದು ಡ್ರೈವಿನಿಂದ ಇನ್ನೊಂದಕ್ಕೆ ಕಟ್ ಪೇಸ್ಟ್ ಮಾಡಿದರೆ ಕಂಪ್ಯೂಟರ್ ಮೊದಲು ಕಾಪಿ ಮಾಡುತ್ತದೆ, ಆಮೇಲೆ ಮೂಲವನ್ನು ಅಳಿಸುತ್ತದೆ. ಹೀಗೆ ಅಳಿಸಿದ್ದು ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ, ಅದೇ ಜಾಗದಲ್ಲಿ ಬೇರೇನೂ ಬರೆಯುವ ತನಕ ಹಳೆಯದು ಉಳಿದಿರುವ ಸಾಧ್ಯತೆ ಇತ್ತು. ನನ್ನದು ಎಸ್‌ಎಸ್‌ಡಿ. ಫೈಲ್ ಅಳಿಸಿದಾಗ "ಈ ಜಾಗ ಇನ್ನು ಬೇಕಿಲ್ಲ" ಅಂತ ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸುತ್ತದೆ, ಎಸ್‌ಎಸ್‌ಡಿ ಅದನ್ನು ತಾನೇ ಒರೆಸಿಹಾಕುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ಅದರ ಮೇಲೆ ಎರಡು ತಿಂಗಳು ಬಳಸಿಯೂ ಇದ್ದೆ. ಆ ಹುಡುಗ ಒಂದು ದಿನ ಪೂರ್ತಿ ಪ್ರಯತ್ನಪಟ್ಟ. ಸಿಗಲಿಲ್ಲ. ದುಡ್ಡೂ ತೆಗೆದುಕೊಳ್ಳಲಿಲ್ಲ.

ಬ್ಯಾಕಪ್ ಮಾಡಿದ್ದೇನೆ ಅಂತ ನಾನು ಎಲ್ಲರಿಗೂ ಹೇಳಿಕೊಂಡಿದ್ದೆ. ಮೂಲ ಅಲ್ಲೇ ಇದ್ದು ಇನ್ನೊಂದು ಕಡೆಯೂ ಪ್ರತಿ ಇದ್ದರೆ ಮಾತ್ರ ಅದು ಬ್ಯಾಕಪ್. ನಾನು ಮಾಡಿದ್ದು ಸಾಗಾಟ. ಬ್ಯಾಕಪ್ ಎನ್ನುವ ಒಂದು ಪದದ ಅರ್ಥ ಸರಿಯಾಗಿ ಗೊತ್ತಿದ್ದಿದ್ದರೆ ಪೆನ್ ಡ್ರೈವ್ ನಕಲಿಯಾಗಿದ್ದರೂ ಅಪ್ಪನ ಫೋಟೋಗಳು ಉಳಿಯುತ್ತಿದ್ದವು.

ಕೊಳ್ಳುವ ಮುಂಚೆ ಬೆಲೆ ನೋಡಿ. ನಿಜವಾದ 2 ಟಿಬಿಯ ಹಾರ್ಡ್ ಡಿಸ್ಕಿಗೇ ಸಾವಿರಾರು ರೂಪಾಯಿ ಆಗುತ್ತದೆ, ಅಷ್ಟು ಜಾಗದ ಪೆನ್ ಡ್ರೈವ್ 599ಕ್ಕೆ ಬರಲು ಸಾಧ್ಯವೇ ಇಲ್ಲ. ನೀಲಿ ನಾಲಿಗೆ ಇದ್ದರೆ ವೇಗವಾಗಿ ಕೆಲಸ ಮಾಡುವ ಯುಎಸ್‌ಬಿ 3.0 ಎಂದು ನಂಬಬೇಡಿ, ಪ್ಲಾಸ್ಟಿಕ್‌ಗೆ ಯಾವ ಬಣ್ಣ ಬೇಕಾದರೂ ಹಾಕಬಹುದು. ಇನ್ನೊಂದು ವಿಷಯ, ಅಸಲಿ ಡ್ರೈವ್ ಕೂಡ ಬರೆದದ್ದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ತಯಾರಕರು ಒಂದು ಜಿಬಿಗೆ ಸಾವಿರ ಎಂಬಿ ಎಂಬಂತೆ ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಹಾಗಾಗಿ 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಂಡರೆ ಗಾಬರಿ ಬೇಡ, ಅದು ಮೋಸವಲ್ಲ.

ಹೊಸ ಡ್ರೈವ್ ಬಂದ ಕೂಡಲೇ ಪರೀಕ್ಷೆ ಮಾಡಿ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ (H2testw), ಲಿನಕ್ಸ್‌ಗೆ ಎಫ್3 (F3) ಎಂಬ ಉಚಿತ ಪ್ರೋಗ್ರಾಂಗಳಿವೆ. ಇವು ಡ್ರೈವ್ ತುಂಬಾ ಬರೆದು, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಮಾಡಿ. ಕ್ವಿಕ್ ಫಾರ್ಮ್ಯಾಟ್ (ಡ್ರೈವನ್ನು ಬೇಗನೆ ಖಾಲಿ ಮಾಡಿ ಸಿದ್ಧಪಡಿಸುವ ಆಯ್ಕೆ) ಮಾಡಿ ನೋಡಿದರೆ ಸಾಲದು, ನಕಲಿ ಡ್ರೈವ್ ಅದನ್ನು ಸಲೀಸಾಗಿ ದಾಟುತ್ತದೆ.

ಮಾರಿದವರು ಕೊನೆಗೆ 599 ರೂಪಾಯಿ ವಾಪಸ್ ಕೊಟ್ಟರು, ಅದೂ ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ. ಪರೀಕ್ಷೆಯ ಫಲಿತಾಂಶದ ಸ್ಕ್ರೀನ್‌ಶಾಟ್ ಮತ್ತು ಬಿಲ್ ಎರಡೂ ಇದ್ದದ್ದು ಅನುಕೂಲವಾಯಿತು.

ಇಂಥ ಡ್ರೈವ್ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಮೊದಲು ಪರೀಕ್ಷೆ ಮಾಡಲು ಹೋಗಬೇಡಿ. ಪರೀಕ್ಷೆಯೂ ಅದರ ಮೇಲೆ ಬರೆಯುತ್ತದೆ, ಉಳಿದಿರುವುದೂ ಹೋಗಬಹುದು. ತೆರೆಯುವ ಫೋಟೋಗಳನ್ನೆಲ್ಲ ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಕಟ್ ಅಲ್ಲ, ಕಾಪಿ. ಒಂದೊಂದು ಫೋಲ್ಡರನ್ನೂ, ಮುಖ್ಯವಾಗಿ ಕೊನೆಯವನ್ನು, ತೆರೆದು ನೋಡಿ. ನನಗೆ 2011ರಿಂದ 2014ರ ನಡುವಿನವರೆಗಿನ ಫೋಟೋಗಳು ಹೀಗೆ ಸಿಕ್ಕಿವೆ. ಅದರ ನಂತರದವನ್ನು ಅಕ್ಕ, ಚಿಕ್ಕಮ್ಮ, ಅಪ್ಪನ ಗೆಳೆಯರು ತಮ್ಮ ಫೋನುಗಳಲ್ಲಿ ಹುಡುಕಿ ಒಂದೊಂದಾಗಿ ಕಳಿಸುತ್ತಿದ್ದಾರೆ. ಅಡಿಕೆ ಹರಡುವ ವಿಡಿಯೋ ಇನ್ನೂ ಯಾರ ಹತ್ತಿರವೂ ಸಿಕ್ಕಿಲ್ಲ.