ಮ್ಯಾಂಗನೀಸ್ ಬಿಸ್ಮತ್ ಟೆಲ್ಯುರೈಡ್ ಕ್ರಿಸ್ಟಲ್: ಸರ್ಟಿಫಿಕೇಟ್ ನಂಬಬೇಡಿ

ಮ್ಯಾಂಗನೀಸ್‌ನಿಂದಾಗಿ ಆಯಸ್ಕಾಂತ ಗುಣವಿರುವ ಈ ಕ್ರಿಸ್ಟಲ್, ಲ್ಯಾಬಿಗೆ ವಿದೇಶದ ಒಂದು ಆನ್‌ಲೈನ್ ಕಂಪನಿಯಿಂದ ತರಿಸಿದ್ದು. ಪ್ಯಾಕಿಂಗ್ ಚೆನ್ನಾಗಿದೆ. ಗಾಳಿ ಆಡದ ಕವರು, ಒಳಗೆ ಅಂಟು ಜೆಲ್ ಹಾಕಿದ ಪುಟ್ಟ ಡಬ್ಬಿ, ಅದರಲ್ಲಿ ಪಳಪಳ ಹೊಳೆಯುವ ಎರಡು ಚೂರು. ಸ್ಕಾಚ್ ಟೇಪ್ ಅಂಟಿಸಿ ಎಳೆದರೆ ಪದರ ಸಲೀಸಾಗಿ ಕಿತ್ತು ಬರುತ್ತದೆ. ಜೊತೆಗೊಂದು ಸರ್ಟಿಫಿಕೇಟ್, ಅದರಲ್ಲಿ ಕ್ರಿಸ್ಟಲಿನ ಒಳರಚನೆ ತೋರಿಸುವ ಎಕ್ಸ್-ರೇ ಗ್ರಾಫ್. ಆದರೆ ಆ ಗ್ರಾಫ್ ಇಡೀ ಬ್ಯಾಚಿನದು, ನಮ್ಮ ಕೈಗೆ ಬಂದ ಚೂರಿನದಲ್ಲ.

ಅಸಲಿ ಪರೀಕ್ಷೆ ಕ್ರಯೋಸ್ಟ್ಯಾಟ್ (ಚೂರನ್ನು ವಿಪರೀತ ತಣ್ಣಗಿಡುವ ಉಪಕರಣ) ಒಳಗೆ. ಸಿಲ್ವರ್ ಪೇಸ್ಟಿನಲ್ಲಿ ನಾಲ್ಕು ತಂತಿ ಅಂಟಿಸಿ ತಣ್ಣಗೆ ಮಾಡುತ್ತಾ ಹೋದರೆ ರೆಸಿಸ್ಟೆನ್ಸ್ ನಿಧಾನಕ್ಕೆ ಇಳಿಯುತ್ತದೆ, 24 ಕೆಲ್ವಿನ್ ಹತ್ತಿರ ಬಂದಾಗ ಸ್ವಲ್ಪ ತಲೆ ಎತ್ತುತ್ತದೆ, ಆಮೇಲೆ ಸರ್ರನೆ ಕೆಳಗೆ. ಒಂದೊಂದು ಮ್ಯಾಂಗನೀಸ್ ಪರಮಾಣುವೂ ಪುಟ್ಟ ಆಯಸ್ಕಾಂತ. 24ಕ್ಕಿಂತ ಮೇಲೆ ಅವು ಮನಸ್ಸಿಗೆ ಬಂದ ಕಡೆ ಮುಖ ಮಾಡಿರುತ್ತವೆ, ಎಲೆಕ್ಟ್ರಾನಿಗೆ ಹೋದಲ್ಲೆಲ್ಲ ಡಿಕ್ಕಿ. ಕೆಳಗೆ ಬಂದರೆ ಒಂದು ಪದರದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ, ಪಕ್ಕದ ಪದರದಲ್ಲಿ ಅದಕ್ಕೆ ಉಲ್ಟಾ. ಎಲೆಕ್ಟ್ರಾನ್ ಡಿಕ್ಕಿ ಹೊಡೆದು ಚದುರುವುದು ಕಮ್ಮಿಯಾಗುತ್ತದೆ, ಅದಕ್ಕೇ ರೆಸಿಸ್ಟೆನ್ಸ್ ಇಳಿಯುತ್ತದೆ. ಮೊದಲ ಚೂರಿನಲ್ಲಿ ಇದು ಎದ್ದು ಕಾಣುತ್ತಿತ್ತು. 2 ಕೆಲ್ವಿನ್‌ನಲ್ಲಿ ಪದರಕ್ಕೆ ಲಂಬವಾಗಿ ಹೊರಗಿನ ಮ್ಯಾಗ್ನೆಟಿನ ಬಲ ಏರಿಸಿದಾಗ ಸುಮಾರು 3.5 ಟೆಸ್ಲಾದಲ್ಲಿ ಆ ಪುಟ್ಟ ಆಯಸ್ಕಾಂತಗಳು ಪಕ್ಕಕ್ಕೆ ವಾಲಿದವು, ರೆಸಿಸ್ಟೆನ್ಸ್ ಧೊಪ್ಪನೆ ಬಿತ್ತು. ಸೂಪರ್!

ಎರಡನೇ ಚೂರಿನಲ್ಲಿ ಆ ಉಬ್ಬನ್ನು ಹುಡುಕಬೇಕಾಯಿತು. ನಮ್ಮಲ್ಲೇ ಎಕ್ಸ್-ರೇ ತೆಗೆದರೆ ಬಿಸ್ಮತ್ ಟೆಲ್ಯುರೈಡ್ ಯಥೇಚ್ಛ ಬೆರೆತಿದೆ. ಇದನ್ನು ಬೆಳೆಸುವಾಗ ಅದು ಸೇರಿಕೊಳ್ಳುವುದು ಮಾಮೂಲಿ, ಆದರೆ ಇಷ್ಟು ಜಾಸ್ತಿಯಾ? ಅದೇನು ಕಳಪೆ ಮಾಲಲ್ಲ, ಅದೂ ಇದರಂತೆ ಟೋಪೋಲಾಜಿಕಲ್ ಇನ್ಸುಲೇಟರೇ (ತಾತ್ವಿಕವಾಗಿ ಒಳಗೆ ಕರೆಂಟ್ ಬಿಡದ, ಮೇಲ್ಮೈಯಲ್ಲಿ ಬಿಡುವ ವಸ್ತು), ಮ್ಯಾಂಗನೀಸ್ ಇಲ್ಲದ್ದರಿಂದ ಮ್ಯಾಗ್ನೆಟಿಕ್ ಅಲ್ಲ ಅಷ್ಟೇ. ಮೇಲ್ಮೈಯಲ್ಲಿ ಎಲೆಕ್ಟ್ರಾನಿನ ಸ್ಪಿನ್ (ಅದರೊಳಗಿನ ಪುಟ್ಟ ಆಯಸ್ಕಾಂತದ ದಿಕ್ಕು ಅನ್ನಿ) ಅದು ಓಡುವ ದಿಕ್ಕಿಗೆ ಗಂಟು ಬಿದ್ದಿರುವುದರಿಂದ ಮಾಮೂಲಿ ಕಲ್ಮಶ ಎದುರಾದರೆ ಸೀದಾ ಹಿಂದಕ್ಕೆ ತಿರುಗಲು ಆಗುವುದಿಲ್ಲ, ಇದೇ ಜಾತಿಯ ಬಿಸ್ಮತ್-ಆಂಟಿಮನಿಯಲ್ಲಿ ಇದನ್ನು ಪ್ರಿನ್ಸ್‌ಟನ್ ತಂಡ 2009ರಲ್ಲೇ ಎಸ್‌ಟಿಎಂ (ಪರಮಾಣು ಮಟ್ಟದಲ್ಲಿ ಮೇಲ್ಮೈ ನೋಡುವ ಸೂಕ್ಷ್ಮದರ್ಶಕ) ಇಟ್ಟು ತೋರಿಸಿತ್ತು. ಮ್ಯಾಗ್ನೆಟಿಕ್ ಪರಮಾಣು ಸಿಕ್ಕರೆ ಮಾತ್ರ ಸ್ಪಿನ್ನೇ ಮಗುಚಬಹುದು, ಹಿಂದಿರುಗುವ ದಾರಿ ತೆರೆಯುತ್ತದೆ. ನಾವು ದುಡ್ಡು ಕೊಟ್ಟಿದ್ದು ಆ ಮ್ಯಾಗ್ನೆಟಿಕ್ ಆಟ ನೋಡೋದಕ್ಕೆ, ಅಲ್ವಾ?

ಬದಲಿ ಕೇಳಿದರೆ, ಪ್ಯಾಕ್ ಒಡೆದ ಮೇಲೆ ವಾಪಸ್ ಇಲ್ಲವಂತೆ. ಒಡೆಯದೆ ತಂತಿ ಅಂಟಿಸೋದು ಹೇಗೆ ಸ್ವಾಮಿ?

ಐದಕ್ಕೆ ಮೂರು ಸ್ಟಾರ್, ಮೊದಲ ಚೂರಿನ ಪುಣ್ಯದಿಂದ. ತರಿಸುವವರು ನಿಮಗೆ ಕಳಿಸುವ ಚೂರಿನದ್ದೇ ರೆಸಿಸ್ಟೆನ್ಸ್ ಗ್ರಾಫ್ ಕೇಳಿ, ಅದರಲ್ಲೂ 30 ಕೆಲ್ವಿನ್‌ನಿಂದ ಕೆಳಗಿನದು. ಕೊಡಲ್ಲ ಅಂದರೆ ಬೇರೆ ಕಡೆ ನೋಡಿ.