ಟಾಪ್ ಮೇಲಿನ ದೋಣಿಯೋ, ಡಿಕ್ಕಿಯೊಳಗಿನ ದೋಣಿಯೋ, ರಾತ್ರಿ ಬಸ್ಸೋ?

ಕಲಬುರಗಿಯಲ್ಲಿದ್ದುಕೊಂಡು ಕಯಾಕಿಂಗ್, ಅಂದರೆ ಕಿರಿದಾದ ದೋಣಿಯಲ್ಲಿ ಕೂತು ಹುಟ್ಟು ಹಾಕುವ ಆಟದ ಹುಚ್ಚು ಹಚ್ಚಿಕೊಂಡರೆ ಹುಟ್ಟು ಹಿಡಿಯುವುದಕ್ಕಿಂತ ಸ್ಟೇರಿಂಗ್ ಹಿಡಿಯುವುದೇ ಜಾಸ್ತಿ. ಹತ್ತಿರದಲ್ಲಿ ಭೀಮಾ ಇದೆ, ಇಲ್ಲ ಅನ್ನಲ್ಲ. ಆದರೆ ಮಳೆಗಾಲದಲ್ಲಿ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಅದರ ಹತ್ತಿರ ಹೋಗುವಂತಿಲ್ಲ, ಬೇಸಿಗೆಯಲ್ಲಿ ಬರೀ ಮರಳು, ಬಂಡೆ. ಉಳಿದದ್ದೆಲ್ಲ ದೂರ. ದಾಂಡೇಲಿಯ ಕಾಳಿ, ಆನೆಗೊಂದಿ ಕಡೆಯ ತುಂಗಭದ್ರಾ, ಶರಾವತಿ ಹಿನ್ನೀರಿನ ಹೊನ್ನೇಮರಡು, ಉಡುಪಿ ಜಿಲ್ಲೆಯ ಸಾಲಿಗ್ರಾಮದ ಕಾಂಡ್ಲಾ ಕಾಡು. ನಾನು ಮತ್ತು ನನ್ನ ಹೆಂಡತಿಯ ತಮ್ಮ ಸೇರಿ ಹಾಕಿಕೊಂಡ ಲೆಕ್ಕ ಇಷ್ಟೇ: ಒಂದೊಂದು ನದಿಯಲ್ಲೂ ಒಂದು ದಿನ ದೋಣಿ, ಅದೇ ಊರಲ್ಲಿ ಒಂದು ಉದ್ದದ ಓಟ. ಅವಸರ ಇಲ್ಲ. ಎಷ್ಟು ವರ್ಷ ಹಿಡಿದರೂ ಸರಿ.

ಇದಕ್ಕೆ ಮೂರು ದಾರಿ ಪ್ರಯತ್ನಿಸಿದ್ದೇವೆ. ಹನ್ನೆರಡು ಅಡಿಯ ಗಟ್ಟಿ ಪ್ಲಾಸ್ಟಿಕ್ ಕಯಾಕನ್ನು ಕಾರಿನ ಟಾಪ್ ಮೇಲೆ ಕಟ್ಟಿಕೊಂಡು ಹೋಗುವುದು ಒಂದು. ಗಾಳಿ ತುಂಬುವ ಕಯಾಕನ್ನು ಮಡಚಿ ಡಿಕ್ಕಿಗೆ ಹಾಕುವುದು ಇನ್ನೊಂದು. ಕಾರಿನ ಸಹವಾಸವೇ ಬೇಡ ಅಂತ ರಾತ್ರಿ ಬಸ್ಸೋ ರೈಲೋ ಹತ್ತುವುದು ಮೂರನೆಯದು.

ಗಟ್ಟಿ ದೋಣಿ ನೀರಿನಲ್ಲಿ ರಾಜ, ರಸ್ತೆಯಲ್ಲಿ ಕಾಟ. ಕಲಬುರಗಿಯಿಂದ ಜೇವರ್ಗಿ, ಸಿಂದಗಿ, ವಿಜಯಪುರ, ನರಗುಂದ, ಹುಬ್ಬಳ್ಳಿ ಹಿಡಿದು ಹಳಿಯಾಳದ ಮೇಲೆ ದಾಂಡೇಲಿ ಅಂದರೆ ಹೆಚ್ಚುಕಡಿಮೆ 430 ಕಿ.ಮೀ. ಟಾಪ್ ಮೇಲೆ ದೋಣಿ ಇದ್ದಾಗ ಗಂಟೆಗೆ 80ರ ಮೇಲೆ ಓಡಿಸಲು ನನಗಂತೂ ಮನಸ್ಸು ಬರುವುದಿಲ್ಲ. ಬೆಲ್ಟ್ ಗಾಳಿಗೆ ಗುಂಯ್ ಅನ್ನಲು ಶುರು ಮಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ. ಕಟ್ಟುವಾಗಲೇ ಬೆಲ್ಟಿಗೆ ಒಂದೆರಡು ತಿರುವು ಕೊಟ್ಟರೆ ಆ ಸದ್ದು ನಿಲ್ಲುತ್ತದೆ. ದೋಣಿಯ ಮೂತಿಯಿಂದ ಬಂಪರ್ ಕೆಳಗಿನ ಕೊಂಡಿಗೆ ಒಂದು ಹಗ್ಗ ಬೇಕೇ ಬೇಕು. ಅದು ಯಾಕೆ ಅಂತ ಕೊಲ್ಹಾರದ ಹತ್ತಿರ ಕೃಷ್ಣಾ ಹಿನ್ನೀರಿನ ಉದ್ದ ಸೇತುವೆ ಮೇಲೆ ಗೊತ್ತಾಗುತ್ತದೆ. ಅಡ್ಡಗಾಳಿ ಬೀಸಿದರೆ ದೋಣಿ ಮಾತ್ರ ಅಲ್ಲ, ಕಾರೇ ಪಕ್ಕಕ್ಕೆ ಎಳೆಯುತ್ತದೆ. ಸೇತುವೆ ದಾಟಿದ ಮೇಲೆ ಬೆಲ್ಟ್ ನೋಡುವ ನೆಪದಲ್ಲಿ ನಿಲ್ಲಿಸಿ, ಗಡಿಗೆ ಮೊಸರು ತಗೊಂಡು ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುವುದು ನಮ್ಮ ರೂಢಿ.

ನಮ್ಮ ಬಿಸಿಲಿನದು ಬೇರೆಯೇ ತಕರಾರು. ಏಪ್ರಿಲ್, ಮೇ ತಿಂಗಳಲ್ಲಿ ಗಟ್ಟಿ ದೋಣಿಯ ಪ್ಲಾಸ್ಟಿಕ್ಕೇ (ಪಾಲಿಎಥಿಲೀನ್) ಮೆತ್ತಗಾಗುತ್ತದೆ. ಬೆಲ್ಟ್ ಬಿಗಿಯಾಗಿ ಎಳೆದರೆ ತಳ ತಗ್ಗು ಬೀಳುತ್ತದೆ, ಸಡಿಲ ಬಿಟ್ಟರೆ ದೋಣಿ ಜಾರುತ್ತದೆ. ಅದಕ್ಕೇ ಬೋರಲು ಹಾಕಿ, ಅಡಿಗೆ ಫೋಮ್ ಇಟ್ಟು, ಚಹಾಕ್ಕೆ ನಿಂತಾಗೆಲ್ಲ ಕೈಯಿಂದ ಒತ್ತಿ ನೋಡಬೇಕು. ಆಗ ಜನ ಸೇರುತ್ತಾರೆ. ಜೇವರ್ಗಿಯಲ್ಲಿ ಒಬ್ಬ ಹಿರಿಯರು ಸುತ್ತ ಬಂದು ನೋಡಿ, "ಯಾನ್ರೀ ಇದು, ನೀರಿನ ಟಾಕಿ ಏನು?" ಅಂದರು. ರಾತ್ರಿ ಲಾಡ್ಜ್ ಮುಂದೆ ಅದನ್ನು ಬಿಟ್ಟು ಮಲಗಿದರೆ ಅರೆನಿದ್ದೆಯೇ.

ಗಾಳಿ ದೋಣಿಗೆ ಈ ಯಾವ ತಲೆನೋವೂ ಇಲ್ಲ. ಚೀಲ, ಪಂಪು, ಹುಟ್ಟು ಎಲ್ಲ ಸೇರಿ 15 ಕೆ.ಜಿ. ಆಸುಪಾಸು. ಕಾರಿನ ಮೈಲೇಜ್ ಇಳಿಯುವುದಿಲ್ಲ, ರಾತ್ರಿ ರೂಮಿನೊಳಗೇ ಇಟ್ಟುಕೊಳ್ಳಬಹುದು. ಆದರೆ ಹೊನ್ನೇಮರಡಿನಂಥ ಬಯಲು ನೀರಿನಲ್ಲಿ ಮಧ್ಯಾಹ್ನ ಗಾಳಿ ಎದ್ದರೆ ಅದು ಹೇಳಿದ ಮಾತು ಕೇಳುವುದಿಲ್ಲ. ನೀವು ಮುಂದಕ್ಕೆ ಹುಟ್ಟು ಹಾಕಿದರೆ ಅದು ಓರೆಗೆ ಹೋಗುತ್ತದೆ. ಬೆಳಗ್ಗೆ ಬೇಗ ಇಳಿದು ಹತ್ತು ಗಂಟೆಯೊಳಗೆ ಮುಗಿಸಿದರೆ ಸರಿ. ದಂಡೆಗೆ ಎಳೆದಿಟ್ಟಾಗ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ವಾಲ್ವ್ ಒತ್ತಿ ಸ್ವಲ್ಪ ಬಿಡಬೇಕು. ಭೀಮಾ ದಂಡೆಯಲ್ಲಂತೂ ಅದಕ್ಕೆ ಜಾಲಿಮುಳ್ಳೇ ವೈರಿ. ನಮ್ಮ ದೋಣಿಯ ತಳಕ್ಕೆ ಮುಳ್ಳು ಹೊಕ್ಕಿದ್ದು ನೀರಿನಲ್ಲಲ್ಲ, ದಂಡೆಯ ಮೇಲೆ ಹತ್ತು ಹೆಜ್ಜೆ ಎಳೆದಾಗ. ಪ್ಯಾಚ್ ಹಚ್ಚಿ ಅಂಟು ಒಣಗುವಷ್ಟರಲ್ಲಿ ಅರ್ಧ ದಿನ ಹೋಯಿತು. ಅದಕ್ಕೆ ಭೀಮಾಗೆ ಗಟ್ಟಿ ದೋಣಿಯೇ ಬೇಕು. ಮನೆಯಿಂದ ಒಂದೆರಡು ತಾಸಿನ ದಾರಿ, ಟಾಪ್ ಮೇಲಿನ ಕಾಟವನ್ನು ಅಷ್ಟು ಹೊತ್ತು ಸಹಿಸಬಹುದು.

ಕಾರು ತಗೊಂಡು ಹೋದವರಿಗೆಲ್ಲ ಇನ್ನೊಂದು ಪ್ರಶ್ನೆ ಇದೆ. ನದಿ ನಿಮ್ಮನ್ನು ಕೆಳಗೆ ಒಯ್ಯುತ್ತದೆ, ಕಾರು ಮೇಲೇ ಉಳಿಯುತ್ತದೆ. ಎರಡು ಕಾರು ತರುವವರು ಇದ್ದಾರೆ, ಆಟೋ ಹುಡುಕುವವರೂ ಇದ್ದಾರೆ. ನಮಗೆ ಓಟವೇ ಉತ್ತರ. ಮಳೆ ಮುಗಿದು ಬ್ಯಾರೇಜ್ ಗೇಟು ಹಾಕಿದ ಮೇಲೆ ಭೀಮಾದಲ್ಲಿ ನಿಂತ ನೀರು ಸಿಗುತ್ತದೆ. ಆಗ ಘತ್ತರಗಿಯಲ್ಲಿ ಬ್ಯಾರೇಜಿನ ಕೆಳಗೆ, ಅದರಿಂದ ಚೆನ್ನಾಗಿ ದೂರದಲ್ಲಿ ಇಳಿದು, ಗಾಣಗಾಪುರದ ಬ್ಯಾರೇಜ್ ಬರುವ ಮೊದಲೇ ದಂಡೆ ಹತ್ತುತ್ತೇವೆ. ಒಬ್ಬ ದೋಣಿ ಕಾಯುತ್ತಾನೆ, ಇನ್ನೊಬ್ಬ ಷೂ ಕಟ್ಟಿಕೊಂಡು ಕಾರಿನ ಕಡೆ ಓಡುತ್ತಾನೆ. ರಸ್ತೆಯಲ್ಲಿ ಸುಮಾರು 20 ಕಿ.ಮೀ. ಆ ದಿನದ ಓಟವೂ ಮುಗಿಯಿತು, ಕಾರೂ ಬಂತು. ಕಬ್ಬಿನ ಸೀಸನ್ ಇದ್ದರೆ ಎದುರಿಗೆ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಬರುತ್ತಿರುತ್ತವೆ, ಬಲಗಡೆಯೇ ಓಡಿ. ರಾತ್ರಿ ಅದೇ ಟ್ರಾಲಿಗಳ ಹಿಂದೆ ದೀಪ ಇರುವುದಿಲ್ಲ. ಅದಕ್ಕೆ ನವೆಂಬರಿನಿಂದ ಫೆಬ್ರವರಿವರೆಗೆ ಕತ್ತಲಾದ ಮೇಲೆ ನಾವು ಕಾರು ತೆಗೆಯುವುದಿಲ್ಲ.

ಬಸ್ಸು, ರೈಲು ಗೆಲ್ಲುವುದು ವಾಪಸ್ ಬರುವ ದಾರಿಯಲ್ಲಿ. ಉದ್ದ ಓಟದ ಮರುದಿನ ಕಾರು ಓಡಿಸಿ ನೋಡಿ. ಹುಬ್ಬಳ್ಳಿ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಮೀನಖಂಡ ಹಿಡಿದುಕೊಳ್ಳುತ್ತದೆ. "ಮಾಮಾ, ಎಡಗಾಲ ಏಳವಲ್ದು, ನೀವ ಹೊಡೀರಿ" ಅಂತ ಹೆಂಡತಿಯ ತಮ್ಮ ಅಂದಾಗ ನನ್ನ ಕಾಲೇನು ಸರಿ ಇತ್ತಾ? ಕಲ್ಯಾಣ ಕರ್ನಾಟಕ ಸಾರಿಗೆಯ ರಾತ್ರಿ ಬಸ್ಸಿನಲ್ಲಾದರೆ ಸುಮ್ನೆ ಮಲಗಬಹುದು. ಬೆಂಗಳೂರಿನ ಓಟಗಳಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದ್ದೇ ಇದೆ. ರೈಲಿನ ಸ್ಲೀಪರ್ ಬೋಗಿಯಲ್ಲಿ ಒಯ್ಯುವ ಸಾಮಾನು 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ ಮೀರಬಾರದು. ಗಾಳಿ ದೋಣಿಯ ಚೀಲ ಉದ್ದ, ಅಗಲದಲ್ಲಿ ಪಾಸಾಗುತ್ತದೆ, ಎತ್ತರಕ್ಕೆ ಮಾತ್ರ ಬಿಗಿಯಾಗಿ ಸುತ್ತಬೇಕು. ಹುಟ್ಟು ನಾಲ್ಕು ತುಂಡಾಗಿ ಬಿಚ್ಚುವಂಥದ್ದೇ ಇರಲಿ.

ಕಾಳಿಯಂಥ ನದಿಗಂತೂ ದೋಣಿ ಹೊತ್ತು ಹೋಗುವುದರಲ್ಲೇ ಅರ್ಥ ಇಲ್ಲ. ಗಣೇಶಗುಡಿ ಕೆಳಗಿನ ರಭಸ ಸೂಪಾ ಡ್ಯಾಮಿನಿಂದ ಎಷ್ಟು ನೀರು ಬಿಡುತ್ತಾರೆ ಎಂಬುದರ ಮೇಲೆ ನಿಂತಿದೆ. ಅಲ್ಲಿ ನಮ್ಮ ಹನ್ನೆರಡು ಅಡಿಯದ್ದು ಕೆಲಸಕ್ಕೆ ಬಾರದು. ಗಿಡ್ಡ ದೋಣಿ, ಹೆಲ್ಮೆಟ್, ಜೊತೆಗೆ ನದಿ ಗೊತ್ತಿರುವ ಗೈಡ್ ಬೇಕು. ಮೂರೂ ಅಲ್ಲೇ ಬಾಡಿಗೆಗೆ ಸಿಗುತ್ತವೆ.

ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಗಾಳಿ ದೋಣಿ ಕೊಳ್ಳಿ. ರಿಪೇರಿ ಕಿಟ್ ಎರಡು ಇರಲಿ. ಗಟ್ಟಿಯದ್ದು ಈಗ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿದೆ, ಭೀಮಾಗೆ ಮಾತ್ರ ಹೊರಡುತ್ತದೆ. ಸಾಲಿಗ್ರಾಮಕ್ಕೆ ಈ ಸಲ ಬಸ್ಸಿಗೇ ಹೋಗುವುದು ಅಂತ ಮಾತಾಗಿದೆ. ದೋಣಿ ಅಲ್ಲೇ ಬಾಡಿಗೆಗೆ, ನಮ್ಮ ಚೀಲದಲ್ಲಿ ಷೂ ಮತ್ತು ರೊಟ್ಟಿ ಅಷ್ಟೇ.